ಉಬುಂಟುಗೆ ಹೊಸಬರಾದವರ ಗಮನಕ್ಕೆ

ಇಷ್ಟು ದಿನ ವಿಂಡೋಸ್‌ನಲ್ಲಿ ಕೆಲಸ ಮಾಡಿ, ಈಗ ಮೊದಲ ಸಲ ಉಬುಂಟು 24.04ರಲ್ಲಿ ಪೈಥಾನ್ ಕೋಡ್ ಬರೆಯಲು ಕೂರುವ ವಿದ್ಯಾರ್ಥಿಗಳು ಇದನ್ನು ಓದಿಯೇ ಕೀಬೋರ್ಡ್ ಮುಟ್ಟಬೇಕು.

ಮಾಡಬೇಕಾದ್ದು

ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲೇ ಉಬುಂಟು ಹಾಕುವವರು ಮೊದಲು ಎಲ್ಲ ಫೈಲುಗಳ ಬ್ಯಾಕಪ್ ತೆಗೆದಿಡಿ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಅದು ಕೈಯಲ್ಲಿಲ್ಲದೆ ಮುಂದುವರಿಯಕೂಡದು.

ಸಾಫ್ಟ್‌ವೇರನ್ನು ಸಿಕ್ಕಸಿಕ್ಕ ಸೈಟಿನಿಂದ ಇಳಿಸಿಕೊಳ್ಳುವ ಅಭ್ಯಾಸ ಬಿಡಿ; ಬೇಕಾದ್ದರಲ್ಲಿ ಬಹುಪಾಲು ಉಬುಂಟುವಿನ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್‌ನಲ್ಲೇ ಸಿಗುತ್ತದೆ. ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಪಾಸ್‌ವರ್ಡ್ ಕೇಳಿದಾಗ ಟೈಪ್ ಮಾಡಿದ್ದು ಪರದೆಯ ಮೇಲೆ ಕಾಣುವುದಿಲ್ಲ. ಗಾಬರಿ ಬೇಡ, ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಪ್ರತಿ ಪ್ರಾಜೆಕ್ಟಿಗೂ ಬೇರೆಯದೇ ವರ್ಚುವಲ್ ಎನ್ವಿರಾನ್‌ಮೆಂಟ್ (ವೆನ್ವ್) ಮಾಡಿಕೊಳ್ಳಿ. ಉಬುಂಟುವಿನ ಜೊತೆ ಬರುವ ಪೈಥಾನ್ 3.12 ನಿಮಗಾಗಿ ಇಟ್ಟದ್ದಲ್ಲ. ಉಬುಂಟುವಿನ ಎಷ್ಟೋ ಉಪಕರಣಗಳು ಅದನ್ನೇ ನಂಬಿ ನಡೆಯುತ್ತವೆ. ವರ್ಚುವಲ್ ಎನ್ವಿರಾನ್‌ಮೆಂಟಿನ ಹೊರಗೆ ಪಿಪ್ ಬಳಸಿ ಪ್ಯಾಕೇಜ್ ಹಾಕಲು ಹೋದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ಪಿಪ್ ತಡೆಯುವುದು ಈ ಕಾರಣಕ್ಕೇ. ಆ ತಡೆ ನಿಮ್ಮ ರಕ್ಷಣೆಗೆ ಇದೆ. ವೆನ್ವ್ ಕೆಲಸ ಮಾಡದಿದ್ದರೆ ಅದರ ಪ್ಯಾಕೇಜನ್ನು ಆಪ್ಟ್‌ನಿಂದ ಹಾಕಿಕೊಳ್ಳಿ, ಎನ್ವಿರಾನ್‌ಮೆಂಟನ್ನು ಆಕ್ಟಿವೇಟ್ ಮಾಡಿ, ಆಮೇಲೆ ಪಿಪ್.

ಮಾಡಬಾರದ್ದು

ಆ ತಡೆಯನ್ನು ದಾಟಲು ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಆಯ್ಕೆಯನ್ನು ಬಳಸಲೇಬಾರದು. ಹಾನಿ ಏನೆಂಬುದು ಅದರ ಹೆಸರಿನಲ್ಲೇ ಇದೆ.

ಹೊಸ ಆವೃತ್ತಿ ಬೇಕೆಂದು ಇರುವ ಪೈಥಾನನ್ನು ಕಿತ್ತುಹಾಕಬೇಡಿ. ಅದನ್ನು ನೆಚ್ಚಿಕೊಂಡ ಪ್ಯಾಕೇಜುಗಳೂ ಒಂದೊಂದಾಗಿ ಹೋಗುತ್ತವೆ. ಡೆಸ್ಕ್‌ಟಾಪೇ ಇಲ್ಲದಾಗಿ ಕಪ್ಪು ಪರದೆಯಷ್ಟೇ ಉಳಿದೀತು. ಹೀಗೆ ಕೆಟ್ಟ ಕಂಪ್ಯೂಟರುಗಳ ಮುಂದೆ ಎಷ್ಟೋ ಸಂಜೆ ಕೂತಿದ್ದೇನೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಆಪ್ಟ್ ಯಾವುದನ್ನಾದರೂ ತೆಗೆಯುವ ಮೊದಲು ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಪಟ್ಟಿ ಓದದೆ ‘ವೈ’ ಒತ್ತಬೇಡಿ.

ಅನುಮತಿ ಇಲ್ಲವೆಂದು ಬಂದ ತಕ್ಷಣ ಸುಡೋ ಸೇರಿಸುವುದು, ಎಲ್ಲರಿಗೂ ಎಲ್ಲ ಅನುಮತಿ ತೆರೆಯುವ 777 ಕೊಡುವುದು ಎರಡೂ ತಪ್ಪು. ಫೈಲು ಯಾರದೆಂದು ಮೊದಲು ನೋಡಿ. ಅರ್ಥವಾಗದ ಕಮಾಂಡನ್ನು ಎಲ್ಲಿಂದಲೋ ತಂದು ಅಂಟಿಸಬೇಡಿ.

ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೆರೆಸಬೇಡಿ. ಇಲ್ಲಿ ಒಂದೇ ಹೆಸರನ್ನು ದೊಡ್ಡಕ್ಷರದಲ್ಲಿ, ಚಿಕ್ಕಕ್ಷರದಲ್ಲಿ ಬರೆದರೆ ಅವು ಬೇರೆ ಬೇರೆ ಫೈಲುಗಳು. ಟರ್ಮಿನಲ್‌ನಲ್ಲಿ ಕಾಪಿಗೆ ಕಂಟ್ರೋಲ್-ಸಿ ಒತ್ತಬೇಡಿ, ಓಡುತ್ತಿರುವ ಪ್ರೋಗ್ರಾಂ ನಿಂತುಹೋಗುತ್ತದೆ. ಜೊತೆಗೆ ಶಿಫ್ಟ್ ಕೂಡ ಒತ್ತಬೇಕು.

ಎರರ್ ಬಂದರೆ ಟರ್ಮಿನಲ್ ಮುಚ್ಚದೆ ಸಂದೇಶವನ್ನು ಕೊನೆಯ ಸಾಲಿನವರೆಗೂ ಓದಿ. ಆಗಲೂ ತಿಳಿಯದಿದ್ದರೆ, ಕೊಟ್ಟ ಕಮಾಂಡನ್ನೂ ಬಂದ ಸಂದೇಶವನ್ನೂ ಪೂರ್ತಿ ಒಂದು ಫೈಲಿಗೆ ಹಾಕಿಕೊಂಡು ಲ್ಯಾಬಿಗೆ ಬನ್ನಿ.