ಅಸಲು ಬೇರೆ, ಲಾಭ ಬೇರೆ

"ಅಕ್ಕ, ಇದರಲ್ಲಿ ತಿಂಗಳಿಗೆ ಎಷ್ಟು ಸಿಗ್ತದೆ?"

ದಕ್ಷಿಣ ಕನ್ನಡದ ವಿಟ್ಲ ಪೇಟೆಯಲ್ಲಿ, ಅಡ್ಯನಡ್ಕದ ಬಸ್ಸಿನಲ್ಲಿ, ಸ್ವಸಹಾಯ ಸಂಘದ ವಾರದ ಸಭೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ನನಗೆ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಮನೆಯಿಂದಲೇ ಕ್ರೀಮು, ಲಿಪ್‌ಸ್ಟಿಕ್, ಶಾಂಪೂ ಮಾರುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಕೇಳುವವರಿಗೆ ಅಷ್ಟರೊಳಗೆ ಬೇರೆ ಯಾರೋ ಒಂದು ದೊಡ್ಡ ಮೊತ್ತ ಹೇಳಿ ಆಸೆ ಹುಟ್ಟಿಸಿರುತ್ತಾರೆ. ನಾನು ಹೇಳುವ ಮೊತ್ತ ಸಣ್ಣದು. ಮದುವೆ ಸೀಸನ್ನಿನ ಒಳ್ಳೆಯ ತಿಂಗಳಲ್ಲಿ ಖರ್ಚು ಕಳೆದು ಎರಡೂವರೆ ಸಾವಿರದ ಆಸುಪಾಸು. ಮಳೆಗಾಲದ ಆಟಿ ತಿಂಗಳಲ್ಲಿ ಐನೂರು ಉಳಿದರೆ ಹೆಚ್ಚು. ಆದರೂ ಈ ಕೆಲಸಕ್ಕೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ. ಲೆಕ್ಕ ಇಡುವವರಿಗೆ ಇದು ಮರ್ಯಾದೆಯ ಸಂಪಾದನೆ.

ನಮ್ಮ ಕಡೆ ಹೆಂಗಸರ ಕೈಯ ದುಡ್ಡು ಎಂದರೆ ಬಹಳ ಕಾಲ ಬೀಡಿಯ ದುಡ್ಡೇ ಆಗಿತ್ತು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಸಾವಿರದ ಲೆಕ್ಕದಲ್ಲಿ ಕಟ್ಟಿ, ಬ್ರಾಂಚಿಗೆ ಕೊಟ್ಟು, ಅಲ್ಲಿ ಆರಿಸಿ ತೆಗೆದದ್ದು ಹೋಗಿ ಉಳಿದದ್ದಕ್ಕೆ ಮಜೂರಿ. ಎಷ್ಟೋ ಹೆಣ್ಣುಮಕ್ಕಳ ಫೀಸು, ಕಿವಿಯ ಬೆಂಡೋಲೆ ಅದರಿಂದ ಬಂತು. ಬೀಡಿ ಕೆಲಸ ಕಡಿಮೆಯಾದ ಮೇಲೆ ಆ ಜಾಗಕ್ಕೆ ಬಂದದ್ದು ಅಡಿಕೆ ಸುಲಿಯುವುದು, ಟೈಲರಿಂಗ್, ಮಲ್ಲಿಗೆ, ಮತ್ತೆ ಈ ಕ್ಯಾಟಲಾಗ್ ವ್ಯಾಪಾರ. ನನ್ನ ಬಂಡವಾಳವೂ ಬೀಡಿಯದ್ದೇ. ಅಮ್ಮನ ಬೀಡಿ ಬೋನಸ್ಸಿನಿಂದ ಐದು ಸಾವಿರ ತೆಗೆದುಕೊಂಡು ಶುರು ಮಾಡಿದೆ. ಸಂಘದ ಸಾಲ ಕೇಳಲಿಲ್ಲ. ವಾರ ವಾರ ಕಂತು ಕಟ್ಟಬೇಕಾದ ಸಾಲವನ್ನು, ಯಾವ ವಾರ ದುಡ್ಡು ಬರುತ್ತದೆ ಎಂದು ಗೊತ್ತಿಲ್ಲದ ವ್ಯಾಪಾರಕ್ಕೆ ಹಾಕಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ.

ಈಗ ಲೆಕ್ಕಕ್ಕೆ ಬರುತ್ತೇನೆ. ಒಂದು ತಿಂಗಳಲ್ಲಿ ನೀವು ಎಂಆರ್‌ಪಿ ಲೆಕ್ಕದಲ್ಲಿ 10,000 ರೂಪಾಯಿಯ ಸಾಮಾನು ಮಾರಿದಿರಿ ಎಂದಿಟ್ಟುಕೊಳ್ಳಿ. ನಿಮ್ಮ ಮಾರ್ಜಿನ್ ಶೇಕಡಾ 20. ಅಂದರೆ ಅಸಲು 8,000, ಲಾಭ 2,000. ಕ್ಯಾಟಲಾಗ್, ಸ್ಯಾಂಪಲ್, ರಿಕ್ಷಾ, ಬಸ್ಸು, ಗುರುತಿನವರಿಗೆ ಬಿಟ್ಟ ಚಿಲ್ಲರೆ ಎಲ್ಲ ಸೇರಿ 1,000 ಖರ್ಚು. ಉಳಿದದ್ದು 1,000. ಇಲ್ಲಿಯವರೆಗೆ ಎಲ್ಲರೂ ಲೆಕ್ಕ ಮಾಡುತ್ತಾರೆ. ಆದರೆ 10,000ದಲ್ಲಿ 3,000 ಕಡ. "ಬರುವ ತಿಂಗಳು ಕೊಡ್ತೇನೆ ಅಕ್ಕ, ಆಗಬಹುದಲ್ಲ?" ಎಂದವರದ್ದು. ಹಾಗಾದರೆ ಕೈಗೆ ಬಂದದ್ದು 7,000. ಖರ್ಚು ಹೋಗಿ 6,000. ಅಷ್ಟೇ ಸಾಮಾನು ಮತ್ತೆ ತರಿಸಲು ಬೇಕಾದದ್ದು 8,000. ಪುಸ್ತಕದಲ್ಲಿ ಸಾವಿರ ಲಾಭ ಇರುವ ತಿಂಗಳಲ್ಲಿ ನೀವು ಮನೆಯಿಂದ ಎರಡು ಸಾವಿರ ಹಾಕಬೇಕು. ಆ ಎರಡು ಸಾವಿರ ಗಂಡನ ಸಂಬಳದಿಂದಲೋ, ಗೃಹಲಕ್ಷ್ಮಿ ದುಡ್ಡಿನಿಂದಲೋ ಹೋಗುತ್ತದೆ. ವ್ಯಾಪಾರ ನಡೆಯುತ್ತಿದೆ, ದುಡ್ಡು ಮಾತ್ರ ಕಾಣುತ್ತಿಲ್ಲ ಎಂದು ಹೆಂಗಸರು ಹೇಳುವುದು ಈ ಕಾರಣಕ್ಕೆ. ದುಡ್ಡು ಎಲ್ಲಿಯೂ ಹೋಗಿಲ್ಲ, ಬೇರೆಯವರ ಮನೆಯಲ್ಲಿದೆ.

ಬಸ್ಸಿನ ಖರ್ಚು ಸಣ್ಣದೆಂದು ಬಿಡಬೇಡಿ. 2023ರ ಜೂನ್ 11ರಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ, ಸರಿ. ಆದರೆ ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಪುತ್ತೂರಿಗೆ ಹೋಗುವಾಗ ಸರಕಾರಿ ಬಸ್ಸು ಸಿಕ್ಕಿದರೆ ಉಳಿಯಿತು. ಒಳಗಿನ ಊರುಗಳಿಗೆ ಹೋಗುವಾಗ ಕೈಯಿಂದಲೇ ಕೊಡಬೇಕು. ಅದಕ್ಕೇ ನಾನು ಒಂದು ಲಿಪ್‌ಸ್ಟಿಕ್ ಕೊಡಲೆಂದು ಕನ್ಯಾನಕ್ಕೋ ಪುಣಚಕ್ಕೋ ಹೋಗುವುದಿಲ್ಲ. ಆ ಕಡೆಯ ನಾಲ್ಕೈದು ಮನೆಗಳ ಆರ್ಡರ್ ಒಟ್ಟಾದ ಮೇಲೆಯೇ ಹೊರಡುತ್ತೇನೆ.

ಅಸಲನ್ನು ಕಾಪಾಡಲು ನಾನು ಹಿಡಿದ ದಾರಿ ಪಿಗ್ಮಿ. ಇದು ನಮ್ಮ ಕರಾವಳಿಯದ್ದೇ ಹುಟ್ಟು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನು ಸಂಗ್ರಹಿಸಲು ಶುರು ಮಾಡಿದ ಪದ್ಧತಿ. ಈಗ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿದೆ, ಪಿಗ್ಮಿ ಮಾತ್ರ ಸೊಸೈಟಿಗಳಲ್ಲಿ ನಡೆಯುತ್ತಲೇ ಇದೆ. ಗಿರಾಕಿ 500 ರೂಪಾಯಿ ಕೊಟ್ಟರೆ ಅದರಲ್ಲಿ 400 ಅಸಲು. ಆ ನಾನೂರನ್ನು ನಾನು ಬೇರೆ ಪರ್ಸಿನಲ್ಲಿ ಇಡುತ್ತೇನೆ, ಪಿಗ್ಮಿಯವರು ಬಂದಾಗ ಕೊಟ್ಟುಬಿಡುತ್ತೇನೆ. ಮೀನಿನವ ಬಂದರೂ, ಗ್ಯಾಸ್ ಬಂದರೂ ಆ ಪರ್ಸು ತೆರೆಯುವುದಿಲ್ಲ. ಕೈಯಲ್ಲಿ ಉಳಿದ ನೂರು ನನ್ನದು. ಬಡ್ಡಿಗಾಗಿ ಅಲ್ಲ, ಮನೆಯ ಕೈಗೆ ಸಿಗದಿರಲಿ ಎಂದು ಈ ವ್ಯವಸ್ಥೆ. ಮನೆಯಲ್ಲೇ ಮಾಡುವ ವ್ಯಾಪಾರದಲ್ಲಿ ಅಸಲು ಕರಗುವುದು ಅಡಿಗೆ ಮನೆಯ ಡಬ್ಬಿಯಲ್ಲೇ.

ಕಡವೇ ಕೊಡಬಾರದೆಂದರೆ ಹಳ್ಳಿಯಲ್ಲಿ ವ್ಯಾಪಾರ ಆಗುವುದಿಲ್ಲ. ಇಲ್ಲಿ ದುಡ್ಡು ಬರುವುದೇ ಅಡಿಕೆ ಕೊಟ್ಟಾಗ, ಬೀಡಿ ಮಜೂರಿ ಬಟವಾಡೆಯಾದಾಗ, ಗಲ್ಫಿನಿಂದ ಹಣ ಬಂದಾಗ. ಅದಕ್ಕೆ ನನ್ನ ಕಡದ ಪುಸ್ತಕದಲ್ಲಿ ಹೆಸರಿನ ಎದುರು ಮೊತ್ತದ ಜೊತೆಗೆ ಇನ್ನೊಂದು ಕಾಲಂ ಇದೆ: ಆ ಮನೆಗೆ ದುಡ್ಡು ಯಾವಾಗ ಬರುತ್ತದೆ. ಅದಕ್ಕೆ ಎರಡು ದಿನ ಬಿಟ್ಟು ನಾನು ಹೋಗುತ್ತೇನೆ, ಮೊದಲು ಹೋಗಿ ಮುಜುಗರ ಮಾಡುವುದಿಲ್ಲ. ಒಬ್ಬರ ಹೆಸರಿನಲ್ಲಿ ಒಂದು ಕಡ ಇರುವಾಗ ಎರಡನೆಯದ್ದು ಕೊಡುವುದಿಲ್ಲ. ನಾದಿನಿಗೂ ಇದೇ ನಿಯಮ. ಅವಳು ಮೊದಲು ಮುಖ ಊದಿಸಿದಳು, ಈಗ ಮೊದಲು ದುಡ್ಡು ಕೊಡುವವಳು ಅವಳೇ.

ಇನ್ನು "ಜಾಯಿನಿಂಗ್" ಮಾತು. ಹೆಂಗಸರು ಕೆಳಗೆ ಬೀಳುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜನರನ್ನು ಸೇರಿಸುವುದು ಈ ವ್ಯಾಪಾರಕ್ಕೆ ಹೊಸತೇನೂ ಅಲ್ಲ. 1886ರಲ್ಲಿ ಅಮೆರಿಕದಲ್ಲಿ ಪುಸ್ತಕ ಮಾರುತ್ತಿದ್ದ ಡೇವಿಡ್ ಮೆಕಾನೆಲ್ ಮುಂದೆ ಏವನ್ ಎಂದು ಹೆಸರಾದ ಕಂಪನಿಯನ್ನು ಸುಗಂಧದ್ರವ್ಯದಿಂದ ಶುರು ಮಾಡಿದಾಗ, ಮೊದಲ ಮಾರಾಟಗಾರ್ತಿ ಮಿಸೆಸ್ ಆಲ್ಬೀ ತಾನೂ ಮಾರಿದರು, ಬೇರೆ ಹೆಂಗಸರನ್ನೂ ಸೇರಿಸಿದರು. ನಮ್ಮ ದೇಶದಲ್ಲಿ ಓರಿಫ್ಲೇಮ್, ಏವನ್, ಮೋದಿಕೇರ್ ಎಲ್ಲ ಶುರುವಾದದ್ದು 1995-96ರ ಹೊತ್ತಿಗೆ. ನೋಡಬೇಕಾದ್ದು ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು. ಮುಖಕ್ಕೆ ಹಚ್ಚುವ ಗಿರಾಕಿಯಿಂದ ಬಂದರೆ ಅದು ವ್ಯಾಪಾರ. ಸೇರಿದವಳು ಸೇರುವಾಗ ಕೊಳ್ಳಲೇಬೇಕಾದ ಕಿಟ್ಟಿನಿಂದ ಬಂದರೆ ಅದು ವ್ಯಾಪಾರವಲ್ಲ.

"ಪ್ರತಿಯೊಬ್ಬರೂ ಐದು ಜನರನ್ನು ಸೇರಿಸಿ" ಎಂದು ಜಾಯಿನ್ ಮಾಡಿಸುವವರು ಹೇಳುತ್ತಾರೆ. ಐದು, ಇಪ್ಪತ್ತೈದು, ನೂರಿಪ್ಪತ್ತೈದು... ಹೀಗೆ ಹೋಗಿ ಒಂಬತ್ತನೇ ಸಾಲಿಗೆ 19,53,125 ಜನ ಬೇಕು. ಮೇಲಿನ ಸಾಲುಗಳನ್ನೂ ಕೂಡಿದರೆ 24 ಲಕ್ಷ ದಾಟುತ್ತದೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಒಟ್ಟು ಜನಸಂಖ್ಯೆ 20,89,649. ತೊಟ್ಟಿಲಿನ ಮಗುವನ್ನೂ ಹಾಸಿಗೆ ಹಿಡಿದ ಅಜ್ಜನನ್ನೂ ಲಿಪ್‌ಸ್ಟಿಕ್ ಮಾರಲು ಸೇರಿಸಿದರೂ ಸಾಲದು. ಕೊನೆಯ ಸಾಲಿನಲ್ಲಿ ನಿಲ್ಲುವವಳ ಹತ್ತಿರ ಕಿಟ್ಟು ಮಾತ್ರ ಉಳಿಯುತ್ತದೆ. ಮತ್ತು ಅವಳು ನಮ್ಮ ಊರಿನವಳೇ, ನಮ್ಮ ಸಂಘದವಳೇ, ನಾಳೆ ಬಸ್ಸಿನಲ್ಲಿ ಎದುರು ಕೂರುವವಳೇ ಆಗಿರುತ್ತಾಳೆ.

ತಿಂಗಳ ಕೊನೆಯ ಟಾರ್ಗೆಟ್ ಇದರ ಇನ್ನೊಂದು ಮುಖ. "ಇನ್ನು ನಾಲ್ಕು ಸಾವಿರದ್ದು ತೆಗೆದರೆ ಮೇಲಿನ ಲೆವೆಲ್" ಎಂದು ಮೇಲಿನವರು ಫೋನ್ ಮಾಡುತ್ತಾರೆ. ಗಿರಾಕಿ ಇಲ್ಲದಿದ್ದರೂ ಸ್ವಂತ ದುಡ್ಡು ಹಾಕಿ ಸಾಮಾನು ತೆಗೆಯುವವರನ್ನು ಕಂಡಿದ್ದೇನೆ. ನನ್ನ ಪರಿಚಯದ ಒಬ್ಬರ ಮನೆಯಲ್ಲಿ ಕಪಾಟು ತೆರೆದರೆ ಸೀರೆಯ ಕೆಳಗೆ ಸೀಲ್ ಒಡೆಯದ ಕ್ರೀಮಿನ ಡಬ್ಬಿಗಳ ಸಾಲು, ಅರ್ಧಕ್ಕರ್ಧ ಅವಧಿ ಮುಗಿದವು. ಅವರ ಬಳೆ ಸೊಸೈಟಿಯಲ್ಲಿ ಅಡವಿತ್ತು. ಗಿರಾಕಿಯ ಹೆಸರು ಬರೆಯದೆ ಒಂದು ಶಾಂಪೂ ಬಾಟಲಿಯನ್ನೂ ತರಿಸದಿರುವುದು ಅಂದಿನಿಂದ ನನ್ನ ಪದ್ಧತಿ.

ಸಾಮಾನು ಕೂಡಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಸೆಪ್ಟೆಂಬರ್ 22 ಒಳ್ಳೆಯ ಉದಾಹರಣೆ. ಅಂದು ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಟಾಲ್ಕಂ ಪೌಡರ್‌ಗಳ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಗಿರಾಕಿಗಳು ಮರುದಿನವೇ ಹೊಸ ರೇಟು ಕೇಳಿದರು, ಕೇಳುವುದು ಅವರ ಹಕ್ಕು. ಹಳೆಯ ರೇಟಿಗೆ ತರಿಸಿ ಇಟ್ಟವರ ಮಾರ್ಜಿನ್ ಅಲ್ಲಿಗೇ ಹೋಯಿತು. ಸಾಲದ್ದಕ್ಕೆ ನಮ್ಮ ಹವೆ ಬೇರೆ. ಏಪ್ರಿಲಿನ ಸೆಖೆಗೆ ಲಿಪ್‌ಸ್ಟಿಕ್ ಬೆವರುತ್ತದೆ, ಜೂನ್ ನಂತರದ ತೇವಕ್ಕೆ ಕಾಂಪ್ಯಾಕ್ಟ್ ಪೌಡರಿಗೆ ಬೂಸ್ಟು.

ಕಾನೂನು ನಮ್ಮ ಪರವಾಗಿಯೇ ಇದೆ, ತಿಳಿದವರು ಕಡಿಮೆ. 2016ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿ ಪ್ರವೇಶ ಶುಲ್ಕ ಕೇಳಬಾರದು, ಮಾರಲಾಗದಷ್ಟು ಸಾಮಾನು ಹೇರಬಾರದು ಎಂದಿತು. 2021ರ ಡಿಸೆಂಬರ್ 28ರಂದು ಗ್ರಾಹಕ ರಕ್ಷಣಾ ಕಾಯಿದೆಯಡಿ ನೇರ ಮಾರಾಟದ ನಿಯಮಗಳೇ ಬಂದವು. ಪಿರಮಿಡ್ ಸ್ಕೀಮಿಗೆ ನಿಷೇಧ. ಕಂಪನಿ ಮತ್ತು ಮಾರುವವರ ನಡುವೆ ಲಿಖಿತ ಕರಾರು ಇರಬೇಕು. ಕರಾರಿನಿಂದ ಹಿಂದೆ ಸರಿಯಲು ಅವಧಿ ಇರಬೇಕು, ಮಾರಾಟವಾಗದ ಸಾಮಾನನ್ನು ಕಂಪನಿ ಹಿಂದೆ ತೆಗೆದುಕೊಳ್ಳುವ ವ್ಯವಸ್ಥೆ ಇರಬೇಕು. ನಮಗೂ ಜವಾಬ್ದಾರಿ ಇದೆ: ಗುರುತಿನ ಚೀಟಿ ಇಲ್ಲದೆ, ಮೊದಲೇ ಹೇಳದೆ ಗಿರಾಕಿಯ ಮನೆಗೆ ಹೋಗುವಂತಿಲ್ಲ, ಕಂಪನಿ ಹೇಳದ ಗುಣವನ್ನು ನಾವು ಸೇರಿಸಿ ಹೇಳುವಂತಿಲ್ಲ. ತೆರಿಗೆಯ ಮಾತು ಚಿಕ್ಕದು. 2025ರ ಏಪ್ರಿಲಿನಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ಕಮಿಷನ್ನಿಗೆ ಶೇಕಡಾ 2 ಟಿಡಿಎಸ್ ಹಿಡಿಯುತ್ತಾರೆ. ಪಾನ್ ಕೊಡದಿದ್ದರೆ ಶೇಕಡಾ 20 ಹೋಗುತ್ತದೆ. ಪಾನ್ ಕೊಡಿ, ರಿಟರ್ನ್ ಹಾಕಿ ವಾಪಸು ಪಡೆಯಿರಿ.

ಗುಣ ಸೇರಿಸಿ ಹೇಳುವ ವಿಷಯ ಹಣದ್ದಷ್ಟೇ ಅಲ್ಲ, ಆರೋಗ್ಯದ್ದು. "ಇದು ಹಚ್ಚಿದ್ರೆ ಬೆಳ್ಳಗೆ ಆಗ್ತದಾ ಅಕ್ಕ?" ಎಂದು ಮದುವೆ ಗೊತ್ತಾದ ಹುಡುಗಿಯರು ಕೇಳುತ್ತಾರೆ. ಆಗುವುದಿಲ್ಲ ಎಂದು ಹೇಳಿ ಕೆಲವು ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ, ಅದರ ಬಗ್ಗೆ ಬೇಸರವಿಲ್ಲ. ವಾರದಲ್ಲಿ ಬೆಳ್ಳಗೆ ಮಾಡುವ, ತಯಾರಕರ ವಿಳಾಸವಿಲ್ಲದ ಡಬ್ಬಿಗಳು ಒಳ್ಳೆಯ ಮಾರ್ಜಿನ್ನಿನ ಆಸೆ ತೋರಿಸಿ ನಮ್ಮ ಬಾಗಿಲಿಗೂ ಬರುತ್ತವೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲಿನ ವೈದ್ಯರು ಇಂಥ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಹಿಡಿದರು. ಕಾರಣ ಪಾದರಸ. ನಮ್ಮ ದೇಶದ ನಿಯಮದಲ್ಲಿ ಮುಖದ ಕ್ರೀಮಿನಲ್ಲಿ ಅಕಸ್ಮಾತ್ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗ ದಾಟುವಂತಿಲ್ಲ. ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ತಪಾಸಣೆಯನ್ನೇ ನಡೆಸಿತು. ಅಡ್ಯನಡ್ಕ ದಾಟಿದರೆ ನಮಗೆ ಕೇರಳ. ಅಲ್ಲಿ ಸಿಗುವ ಡಬ್ಬಿ ಇಲ್ಲಿಗೆ ಬರಲು ಹೊತ್ತು ಬೇಡ. ಬ್ಯಾಚ್ ನಂಬರ್, ತಯಾರಿಕಾ ಲೈಸೆನ್ಸ್ ನಂಬರ್, ಅವಧಿ, ವಿಳಾಸ, ಇವಿಷ್ಟರಲ್ಲಿ ಒಂದು ಇಲ್ಲದಿದ್ದರೂ ಮುಟ್ಟಬೇಡಿ. ನನ್ನ ಒಳ್ಳೆಯ ಮಾರಾಟ ಇರುವುದು ಅಡಿಕೆ ಸುಲಿದು ಬಿರುಕು ಬಿಟ್ಟ ಬೆರಳುಗಳಿಗೆ ಹಚ್ಚುವ ಕೈಯ ಕ್ರೀಮು, ಹಿಮ್ಮಡಿಯ ಕ್ರೀಮುಗಳಲ್ಲಿ. ಒಮ್ಮೆ ಗುಣ ಕಂಡವರು ತಾವಾಗಿ ಫೋನ್ ಮಾಡುತ್ತಾರೆ. ಮತ್ತೆ ಮತ್ತೆ ಕೊಳ್ಳುವ ಮೂವತ್ತು ಮನೆ ಇದ್ದರೆ ಈ ವ್ಯಾಪಾರ ನೆಲೆ ನಿಲ್ಲುತ್ತದೆ, ಜಾಯಿನ್ ಆದ ಮುನ್ನೂರು ಜನರಿಂದ ನೆಲೆ ನಿಲ್ಲುವುದಿಲ್ಲ.

ಹೊಸದಾಗಿ ಸೇರುವವರು ಸಹಿ ಹಾಕುವ ಮೊದಲು ಕರಾರಿನ ಪ್ರತಿಯನ್ನೂ ಸಾಮಾನು ಹಿಂದೆ ಕೊಡುವ ನಿಯಮವನ್ನೂ ಕೇಳಿ ಪಡೆಯಿರಿ. ಕೊಡಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ಈಗಾಗಲೇ ಸೇರಿ ಕಪಾಟಿನಲ್ಲಿ ಡಬ್ಬಿ ತುಂಬಿಸಿಕೊಂಡವರು ನಾಚಿಕೆಪಟ್ಟು ಕೂರಬೇಡಿ. ಅವಧಿ ಮುಗಿಯದ ಸಾಮಾನಿನ ಪಟ್ಟಿ ಮಾಡಿ, ಬಿಲ್ಲು ಜೋಡಿಸಿ, ಹಿಂದೆ ತೆಗೆದುಕೊಳ್ಳಿ ಎಂದು ಕಂಪನಿಗೆ ಈ ವಾರವೇ ಬರೆಯಿರಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.