ಬುಧವಾರದ ಕೋಳಿ ಸಾರು, ತಿಂಗಳ ಆರ್‌ಡಿ

ಮನೆ ಬಾಡಿಗೆ, ಶಾಲೆಯ ಶುಲ್ಕ, ಸಾಲದ ಕಂತು ಇವು ಯಾವುವೂ ನಮ್ಮ ಮಾತು ಕೇಳುವುದಿಲ್ಲ. ನಮ್ಮ ಹಿಡಿತಕ್ಕೆ ಸಿಗುವ ದೊಡ್ಡ ಖರ್ಚು ರಾತ್ರಿಯ ಊಟದ್ದು. ಜೆ.ಪಿ. ನಗರದ ನಮ್ಮ ಮನೆಯ ತಿಂಗಳ ಲೆಕ್ಕ ಬರೆಯುವಾಗಲೆಲ್ಲ ಇದು ಎದ್ದು ಕಾಣುತ್ತದೆ. ಬನ್ನೇರುಘಟ್ಟ ರಸ್ತೆಯ ವಾಹನ ದಟ್ಟಣೆ ದಾಟಿ ರಾತ್ರಿ ಎಂಟಕ್ಕೆ ಮನೆ ಸೇರಿದವರ ಕೈ ಒಲೆಗಿಂತ ಮೊದಲು ಫೋನಿನತ್ತ ಹೋಗುತ್ತದೆ. ದಣಿದವರು ಬೆಲೆ ನೋಡುವುದಿಲ್ಲ. ಹಾಗಾಗಿ ನಾವು ಮೊದಲೇ ಗೊತ್ತು ಮಾಡಿಕೊಂಡಿದ್ದೇವೆ: ಬುಧವಾರ ರಾತ್ರಿ ಮನೆಯಲ್ಲೇ ಕೋಳಿ ಸಾರು, ರಾಗಿ ಮುದ್ದೆ.

ನಾಲ್ವರ ಊಟದ ಲೆಕ್ಕ ನೋಡಿ. ಸ್ಕಿನ್‌ಲೆಸ್ ಬಾಯ್ಲರ್ ಕೋಳಿ ಮುಕ್ಕಾಲು ಕೆ.ಜಿ., ಕೆ.ಜಿ.ಗೆ 280 ರೂಪಾಯಿಯಂತೆ 210. ತಲೆಗೆ 100 ಗ್ರಾಂನಂತೆ ರಾಗಿ ಹಿಟ್ಟು, ಸುಮಾರು 24. ಈರುಳ್ಳಿ, ಟೊಮೆಟೊ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಅರ್ಧ ಹೋಳು ಕಾಯಿ ಸೇರಿ 60. ಎಣ್ಣೆ, ಮಸಾಲೆಗೆ 25, ಗ್ಯಾಸ್‌ಗೆ 15. ಒಟ್ಟು 334 ರೂಪಾಯಿ, ಅಂದರೆ ಒಬ್ಬರಿಗೆ 85ಕ್ಕೂ ಕಡಿಮೆ. ಇಷ್ಟೇ ಜನಕ್ಕೆ ಹೊರಗಿನಿಂದ ತರಿಸಿದರೆ ಪ್ಯಾಕಿಂಗ್, ಡೆಲಿವರಿ, ಹೋಟೆಲ್ ಊಟದ ಮೇಲಿನ ಶೇ 5ರ ಜಿಎಸ್‌ಟಿ ಎಲ್ಲ ಸೇರಿ ಸಾವಿರ ರೂಪಾಯಿ ಸುಲಭವಾಗಿ ಮುಟ್ಟುತ್ತದೆ. ತಾಜಾ ಕೋಳಿ ಮಾಂಸಕ್ಕೆ, ಬಿಡಿಯಾಗಿ ಕೊಳ್ಳುವ ರಾಗಿಗೆ ಜಿಎಸ್‌ಟಿಯೇ ಇಲ್ಲ.

ರಾಗಿಯನ್ನು ಇಡಿಯಾಗಿ ತಂದು, ಒಣಗಿಸಿ, ಬೀದಿಯ ಗಿರಣಿಯಲ್ಲಿ ಬೀಸಿಸಿಕೊಂಡರೆ ಪ್ಯಾಕೆಟ್ ಹಿಟ್ಟಿಗಿಂತ ಅಗ್ಗ, ಘಮವೂ ಹೆಚ್ಚು. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. 2025-26ಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಅಂಗಡಿಯವರು ರಾಗಿಗೆ ಹೇಳುವ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನ್ಯಾಯದ ಬೆಲೆ ಯಾವುದೆಂದು ತಿಳಿಯುತ್ತದೆ. ಕೋಳಿಯ ಬೆಲೆ ಮಾತ್ರ ಏರಿಳಿಯುತ್ತಲೇ ಇರುತ್ತದೆ. ಯುಗಾದಿಯ ಮರುದಿನದ ಹೊಸತೊಡಕಿಗೆ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಶ್ರಾವಣದಲ್ಲಿ ಕೇಳುವವರು ಕಡಿಮೆ. ನಾಟಿ ಕೋಳಿ ರುಚಿ ನಿಜ. ಆದರೆ ಬೆಲೆಯೂ ಹೆಚ್ಚು, ಬೇಯಲು ಗ್ಯಾಸೂ ಹೆಚ್ಚು. ಅದು ಹಬ್ಬಕ್ಕೆ, ನೆಂಟರಿಗೆ ಇರಲಿ.

ಹೊತ್ತಿಲ್ಲ ಎನ್ನುವವರಿಗೆ ಒಂದು ಮಾತು. ಭಾನುವಾರವೇ ಮಸಾಲೆ ರುಬ್ಬಿ ಫ್ರೀಜರ್‌ನಲ್ಲಿಟ್ಟರೆ ಅರ್ಧ ಕೆಲಸ ಮುಗಿಯಿತು. ಕುಕ್ಕರ್‌ನಲ್ಲಿ ಬಾಯ್ಲರ್ ಕೋಳಿಗೆ ಎರಡು ಕೂಗು ಸಾಕು. ಅಷ್ಟರಲ್ಲಿ ಪಕ್ಕದ ಒಲೆಯ ಮೇಲೆ ನೀರಿಗೆ ಉಪ್ಪು ಹಾಕಿ, ಒಂದು ಚಮಚ ಹಿಟ್ಟು ಕದಡಿ ಬಿಟ್ಟು, ಮರಳಿದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಬೇಕು. ಕದಡದೆ ಸಣ್ಣ ಉರಿಯಲ್ಲಿ ಬೇಯಲು ಬಿಟ್ಟು, ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ಮುಚ್ಚಿ ಹಬೆಗೆ ಬಿಟ್ಟು, ಒದ್ದೆ ಕೈಯಲ್ಲಿ ಉಂಡೆ ಕಟ್ಟಿದರಾಯಿತು. ಮನೆಮಂದಿಯೆಲ್ಲ ಕೈ ಹಾಕಿದರೆ ಮುಕ್ಕಾಲು ಗಂಟೆಯ ಕೆಲಸ.

ಈ ಊಟದಲ್ಲಿ ಉಳಿತಾಯದಷ್ಟೇ ಆರೋಗ್ಯವೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, ಸುಮಾರು 11 ಗ್ರಾಂ ನಾರು ಇದೆ. ಪ್ರೋಟೀನ್ 7 ಗ್ರಾಂ ಮಾತ್ರ. ಆ ಕೊರತೆಯನ್ನು ಕೋಳಿ ತುಂಬುತ್ತದೆ. ಚರ್ಮ ತೆಗೆಸಿದರೆ ಕೊಬ್ಬು ತಗ್ಗುತ್ತದೆ. ಎಣ್ಣೆ, ಉಪ್ಪು ಎಷ್ಟೆಂಬುದು ನಮ್ಮ ಕೈಯಲ್ಲೇ ಇರುತ್ತದೆ.

ಇನ್ನು ಉಳಿದ ಹಣದ ಮಾತು. ವಾರಕ್ಕೊಮ್ಮೆ ಹೀಗೆ ಮಾಡಿದರೆ ತಿಂಗಳಿಗೆ 2,500 ರೂಪಾಯಿಗಿಂತ ಹೆಚ್ಚು ಉಳಿಯುತ್ತದೆ. ಅದನ್ನು ಖಾತೆಯಲ್ಲೇ ಬಿಟ್ಟರೆ ಬೇರೆ ಯಾವುದಕ್ಕೋ ಕರಗಿಹೋಗುತ್ತದೆ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ತಿಂಗಳಿಗೆ 2,500 ಕಟ್ಟಿದರೆ ಶೇ 6.7ರ ಬಡ್ಡಿಯಲ್ಲಿ 1.5 ಲಕ್ಷದ ಕಂತು ಸುಮಾರು 1.78 ಲಕ್ಷವಾಗಿ ಕೈಸೇರುತ್ತದೆ. ಸಂಬಳ ಬಂದ ದಿನವೇ ಕಂತು ಕಟ್ಟಿಬಿಡಿ. ಈ ವಾರವೇ ಒಂದು ರಾತ್ರಿ ಗೊತ್ತು ಮಾಡಿ, ಮನೆಯಲ್ಲೇ ಅಡುಗೆ ಮಾಡಿ.