ಬ್ರೌಸರ್ ತೆಗೆದು ಮತ್ತೆ ಹಾಕಿದರೂ ತೊಂದರೆ ಯಾಕೆ ಹೋಗುವುದಿಲ್ಲ?

ಪ್ರಶ್ನೆ: ನಾನು ಡೆಸ್ಕ್‌ಟಾಪ್‌ನಲ್ಲಿ ಫೈರ್‌ಫಾಕ್ಸ್ ಬಳಸುತ್ತೇನೆ. ಕೆಲವು ತಿಂಗಳಿಂದ ಹಲವು ವೆಬ್‌ಸೈಟುಗಳಲ್ಲಿ ಸಮಯ ಐದೂವರೆ ಗಂಟೆ ಹಿಂದೆ ಕಾಣಿಸುತ್ತಿದೆ. ಕಂಪ್ಯೂಟರಿನ ಗಡಿಯಾರ ಸರಿಯಾಗಿಯೇ ಇದೆ. ಕ್ರೋಮ್‌ನಲ್ಲಿ ತೆರೆದರೆ ಸಮಯ ಸರಿ ಬರುತ್ತದೆ. ಹೊಸ ವಿಂಡೋ ತೆರೆದರೆ ಪರದೆ ತುಂಬುವುದಿಲ್ಲ. ಡಾರ್ಕ್ ಥೀಮ್ ಹಾಕಿಕೊಂಡರೂ ಸೈಟುಗಳೆಲ್ಲ ಬೆಳ್ಳಗೇ ಇರುತ್ತವೆ. ಫೈರ್‌ಫಾಕ್ಸನ್ನು ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ, ಹಳೆಯ ಬುಕ್‌ಮಾರ್ಕುಗಳು ಕೂಡ ಇದ್ದ ಹಾಗೇ ಇದ್ದವು! ಇದು ಹೇಗೆ ಸಾಧ್ಯ? ಅಣ್ಣನ ಮಗ ಒಮ್ಮೆ ‘ಪ್ರೈವೆಸಿಗೆ ಒಳ್ಳೆಯದು’ ಎಂದು ಏನೋ ಸೇರಿಸಿಕೊಟ್ಟಿದ್ದ. ಟ್ಯಾಬ್‌ಗಳನ್ನು ಪಕ್ಕಕ್ಕೆ ಸಾಲಾಗಿ ಇಟ್ಟುಕೊಳ್ಳಲು, ಕನ್ನಡ ಅಕ್ಷರ ದೊಡ್ಡದು ಮಾಡಿಕೊಳ್ಳಲು ದಾರಿ ಇದ್ದರೆ ಅದನ್ನೂ ತಿಳಿಸಿ.
– ನಿವೃತ್ತ ಅಧ್ಯಾಪಕರು, ಸಾಗರ

ಉತ್ತರ: ಬುಕ್‌ಮಾರ್ಕುಗಳು ಉಳಿದುಕೊಂಡ ಜಾಗದಲ್ಲೇ ನಿಮ್ಮ ತೊಂದರೆಯೂ ಉಳಿದುಕೊಂಡಿದೆ.

ಫೈರ್‌ಫಾಕ್ಸ್ ನಿಮ್ಮ ಕಂಪ್ಯೂಟರಿನಲ್ಲಿ ಎರಡು ಕಡೆ ಇರುತ್ತದೆ. ಒಂದು, ಎಲ್ಲರಿಗೂ ಒಂದೇ ಆಗಿರುವ ಪ್ರೋಗ್ರಾಂ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲಿ ಕೂತಿರುತ್ತದೆ. ಇನ್ನೊಂದು, ನಿಮ್ಮೊಬ್ಬರದೇ ಆದ ‘ಪ್ರೊಫೈಲ್’. ಅದು ನಿಮ್ಮ ಯೂಸರ್ ಫೋಲ್ಡರಿನ ಒಳಗೆ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ‘ಆ್ಯಪ್‌ಡೇಟಾ’ ಫೋಲ್ಡರಿನಲ್ಲಿ ಅಡಗಿರುತ್ತದೆ. ಬುಕ್‌ಮಾರ್ಕು ಮತ್ತು ಹಿಸ್ಟರಿ ಅಲ್ಲಿ ಒಂದು ಫೈಲಿನಲ್ಲಿವೆ. ಪಾಸ್‌ವರ್ಡುಗಳು ಎರಡು ಫೈಲುಗಳಲ್ಲಿವೆ: ಒಂದರಲ್ಲಿ ಗುಪ್ತಲಿಪಿಯಾದ ಪಾಸ್‌ವರ್ಡುಗಳು, ಇನ್ನೊಂದರಲ್ಲಿ ಅವನ್ನು ಬಿಡಿಸುವ ಕೀಲಿ. ಎಕ್ಸ್‌ಟೆನ್ಶನ್‌ಗಳು, ಕುಕೀಗಳು, ನೀವು ಬದಲಿಸಿದ ಪ್ರತಿಯೊಂದು ಸೆಟ್ಟಿಂಗೂ ಅಲ್ಲೇ. ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುವುದು ಪ್ರೋಗ್ರಾಂ ಮಾತ್ರ, ಪ್ರೊಫೈಲನ್ನು ಅದು ಮುಟ್ಟುವುದಿಲ್ಲ. ಬೇಕೆಂದೇ ಹೀಗೆ ಮಾಡಿದ್ದಾರೆ, ಇಲ್ಲವಾದರೆ ಪ್ರೋಗ್ರಾಂ ಕೆಟ್ಟಾಗಲೆಲ್ಲ ನೀವು ಪಾಸ್‌ವರ್ಡುಗಳನ್ನೂ ಕಳೆದುಕೊಳ್ಳುತ್ತಿದ್ದಿರಿ. ಹೊಸದಾಗಿ ಹಾಕಿದ ಫೈರ್‌ಫಾಕ್ಸ್ ಹಳೆಯ ಪ್ರೊಫೈಲನ್ನು ಹುಡುಕಿ ತೆಗೆದು ಅದರೊಂದಿಗೇ ಶುರುವಾಗುತ್ತದೆ. ಪ್ರೋಗ್ರಾಂ ಫೈಲೇ ಕೆಟ್ಟುಹೋಗುವುದು ಅಪರೂಪ. ಆದ್ದರಿಂದಲೇ ‘ತೆಗೆದು ಮತ್ತೆ ಹಾಕಿ’ ಎಂಬ ಸಲಹೆ ಹೆಚ್ಚಿನ ಸಲ ಕೈಕೊಡುತ್ತದೆ.

ಈಗ ಆ ಐದೂವರೆ ಗಂಟೆಯ ವಿಷಯ. ಭಾರತದ ಸಮಯ ಜಾಗತಿಕ ಪ್ರಮಾಣ ಸಮಯಕ್ಕಿಂತ ಸರಿಯಾಗಿ ಐದೂವರೆ ಗಂಟೆ ಮುಂದಿದೆ. ಅನೇಕ ಸೈಟುಗಳು ಜಾಗತಿಕ ಸಮಯವನ್ನಷ್ಟೇ ಕಳುಹಿಸಿ, ‘ನೀನು ಯಾವ ಟೈಮ್‌ಝೋನ್‌ನಲ್ಲಿದ್ದೀಯ?’ ಎಂದು ಬ್ರೌಸರನ್ನು ಕೇಳಿ, ಅದು ಹೇಳಿದಂತೆ ಸಮಯ ತೋರಿಸುತ್ತವೆ. ನಿಮ್ಮ ಫೈರ್‌ಫಾಕ್ಸ್ ಭಾರತ ಎಂದು ಹೇಳುತ್ತಿಲ್ಲ. ಹಾಗೆ ಹೇಳಬಾರದೆಂದು ಯಾರೋ ಅದಕ್ಕೆ ಅಪ್ಪಣೆ ಕೊಟ್ಟಿದ್ದಾರೆ.

ಆ ಅಪ್ಪಣೆಯ ಹೆಸರು ‘ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್’. ಕುಕೀ ಇಲ್ಲದೆಯೂ ನಿಮ್ಮನ್ನು ಗುರುತು ಹಿಡಿಯಲು ಬರುತ್ತದೆ. ಪರದೆಯ ಅಳತೆ, ಇರುವ ಫಾಂಟುಗಳು, ಟೈಮ್‌ಝೋನ್ ಇವನ್ನೆಲ್ಲ ಒಟ್ಟುಗೂಡಿಸಿದರೆ ಒಂದೊಂದು ಬ್ರೌಸರಿಗೂ ಒಂದು ಬೆರಳಚ್ಚು ಸಿಗುತ್ತದೆ. ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ಪೀಟರ್ ಎಕರ್‌ಸ್ಲೀ 2010ರಲ್ಲಿ ಸುಮಾರು 4.7 ಲಕ್ಷ ಬ್ರೌಸರ್ ಬೆರಳಚ್ಚುಗಳನ್ನು ಪರೀಕ್ಷಿಸಿದಾಗ ಶೇ 83.6ರಷ್ಟು ಬೇರೆ ಯಾವುದನ್ನೂ ಹೋಲುತ್ತಿರಲಿಲ್ಲ. ಇದರಿಂದ ತಪ್ಪಿಸಿಕೊಳ್ಳಲು, ಬಳಕೆದಾರರ ಗುರುತು ಮರೆಮಾಡುವ ಟಾರ್ ಬ್ರೌಸರಿನವರು ಹಿಡಿದ ದಾರಿ ಎಂದರೆ ಎಲ್ಲ ಬಳಕೆದಾರರೂ ಒಂದೇ ಥರ ಕಾಣುವಂತೆ ಮಾಡುವುದು. ಎಲ್ಲರಿಗೂ ಒಂದೇ ಟೈಮ್‌ಝೋನ್, ವಿಂಡೋಗೆ ನಿಗದಿತ ಅಳತೆ, ಡಾರ್ಕ್ ಥೀಮ್ ಇದ್ದರೂ ಸೈಟಿಗೆ ‘ಬಿಳಿ’ ಎಂಬ ಉತ್ತರ. ಟಾರ್ ಬ್ರೌಸರ್ ಕಟ್ಟಿರುವುದು ಫೈರ್‌ಫಾಕ್ಸ್‌ನ ಮೇಲೆಯೇ. ಅಲ್ಲಿಯ ಈ ರಕ್ಷಣೆಗಳು ಮೂಲ ಫೈರ್‌ಫಾಕ್ಸ್‌ಗೂ ಬಂದವು, ಆದರೆ ಅಲ್ಲಿ ತಾವಾಗಿ ಚಾಲೂ ಇರುವುದಿಲ್ಲ. ನೀವು ಹೇಳಿದ ಮೂರು ತೊಂದರೆಗಳೂ ಈ ಒಂದೇ ಸೆಟ್ಟಿಂಗಿನ ಮಕ್ಕಳು. ಒಂದೊಂದು ಸೈಟಿಗೆ ನೀವು ಕೊಟ್ಟ ಝೂಮ್ ಕೂಡ ಫೈರ್‌ಫಾಕ್ಸ್‌ಗೆ ನೆನಪಿರುವುದಿಲ್ಲ, ಗಮನಿಸಿ ನೋಡಿ.

ಖಚಿತ ಮಾಡಿಕೊಳ್ಳುವುದು ಸುಲಭ. ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಬೌಟ್’, ನಂತರ ಕೋಲನ್ ಚಿಹ್ನೆ, ನಂತರ ‘ಸಪೋರ್ಟ್’ ಎಂದು ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಬ್ರೌಸರಿನ ಪೂರ್ತಿ ಜಾತಕ ತೆರೆದುಕೊಳ್ಳುತ್ತದೆ. ಬದಲಿಸಿದ ಮುಖ್ಯ ಸೆಟ್ಟಿಂಗುಗಳ ಪಟ್ಟಿ ಅದರಲ್ಲಿದೆ. ‘ಯೂಸರ್ ಡಾಟ್ ಜೆಎಸ್’ ಎಂಬ ಫೈಲು ನಿಮ್ಮ ಪ್ರೊಫೈಲಿನಲ್ಲಿದೆ ಎಂಬ ಸೂಚನೆಯೂ ಅಲ್ಲಿ ಕಂಡರೆ ನಿಮ್ಮ ಅಣ್ಣನ ಮಗ ಸೇರಿಸಿದ್ದು ಅದನ್ನೇ. ನೂರಾರು ಸೆಟ್ಟಿಂಗುಗಳಿರುವ ಇಂಥ ಸಿದ್ಧ ಫೈಲುಗಳು ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ಇವುಗಳ ಸ್ವಭಾವ ತಿಳಿದಿರಬೇಕು: ಫೈರ್‌ಫಾಕ್ಸ್ ಶುರುವಾದಾಗಲೆಲ್ಲ ಈ ಫೈಲಿನಲ್ಲಿರುವುದೇ ಮತ್ತೆ ಜಾರಿಗೆ ಬರುತ್ತದೆ. ನೀವು ಸಂಜೆ ಸರಿಪಡಿಸಿ ಮಲಗಿದರೆ ಬೆಳಿಗ್ಗೆ ಮತ್ತೆ ಅದೇ ಪಾಡು.

ಆದ್ದರಿಂದ ಕ್ರಮ ಮುಖ್ಯ. ಅದೇ ಸಪೋರ್ಟ್ ಪುಟದಲ್ಲಿ ಪ್ರೊಫೈಲ್ ಫೋಲ್ಡರ್ ತೆರೆಯುವ ಬಟನ್ ಇದೆ. ಅದನ್ನು ಒತ್ತಿ ಫೋಲ್ಡರ್ ತೆರೆದಿಟ್ಟುಕೊಂಡು ಫೈರ್‌ಫಾಕ್ಸನ್ನು ಪೂರ್ತಿ ಮುಚ್ಚಿ. ಆಮೇಲೆ ಯೂಸರ್ ಡಾಟ್ ಜೆಎಸ್ ಫೈಲನ್ನು ಬೇರೆ ಫೋಲ್ಡರಿಗೆ ಸಾಗಿಸಿ. ಅದರಲ್ಲೇನಿದೆ ಎಂದು ನೋಡುವುದಾದರೆ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಡಬಲ್ ಕ್ಲಿಕ್ ಮಾಡಬೇಡಿ, ವಿಂಡೋಸ್ ಅದನ್ನು ಪ್ರೋಗ್ರಾಂ ಎಂದು ತಿಳಿದು ಓಡಿಸಲು ಹೋದೀತು. ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಆ ಫೈಲು ಹೇಳಿದ್ದೆಲ್ಲ ಈಗಾಗಲೇ ಪ್ರೊಫೈಲಿನ ಮುಖ್ಯ ಸೆಟ್ಟಿಂಗ್ ಫೈಲಿನಲ್ಲೂ ದಾಖಲಾಗಿದೆ. ಫೈರ್‌ಫಾಕ್ಸ್ ತೆರೆದು, ‘ಸಪೋರ್ಟ್’ ಬದಲು ‘ಕಾನ್ಫಿಗ್’ ಎಂದು ಬರೆದು, ಎಚ್ಚರಿಕೆಯ ಪುಟ ದಾಟಿ, ‘ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್’ ಎಂಬುದನ್ನು ಇಂಗ್ಲಿಷ್‌ನಲ್ಲಿ ಜಾಗ ಬಿಡದೆ ಹುಡುಕಿ. ‘ಪ್ರೈವೆಸಿ’ ಎಂದು ಶುರುವಾಗಿ ನೀವು ಹುಡುಕಿದ ಪದಕ್ಕೇ ಮುಗಿಯುವ ಸಾಲನ್ನು ‘ಫಾಲ್ಸ್’ ಮಾಡಿ. ಪುಟವನ್ನು ಮತ್ತೆ ತೆರೆದರೆ ಸಮಯ ಸರಿಯಾಗಿರುತ್ತದೆ.

ನಿಮ್ಮದು ಬಗೆಹರಿಯಿತು. ಬೇರೆ ಬೇರೆ ತೊಂದರೆ ಇರುವ ಓದುಗರೂ ಇದ್ದಾರೆ, ಅವರಿಗೂ ಇದೇ ಯೋಚನೆ ದಾರಿ ತೋರುತ್ತದೆ. ತೊಂದರೆ ಯಾವ ಪದರದಲ್ಲಿದೆ ಎಂದು ಮೊದಲು ಕಂಡುಕೊಳ್ಳಿ, ಕೈ ಹಾಕುವುದು ಆಮೇಲೆ.

ಒಂದು ಸೈಟು ತೆರೆಯದಿದ್ದರೆ ಬೇರೆ ಬ್ರೌಸರಿನಲ್ಲಿ ನೋಡಿ. ಅಲ್ಲೂ ತೆರೆಯದಿದ್ದರೆ ಸೈಟಿನದೋ ನೆಟ್‌ವರ್ಕಿನದೋ ದೋಷ. ಎಲ್ಲ ಸೈಟುಗಳೂ ‘ಸುರಕ್ಷಿತವಲ್ಲ’ ಎಂದು ಕೂಗಿದರೆ ಕಂಪ್ಯೂಟರಿನ ದಿನಾಂಕ ನೋಡಿ. ಸೈಟುಗಳ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ, ಕಂಪ್ಯೂಟರ್ ಹತ್ತು ವರ್ಷ ಹಿಂದಿದ್ದರೆ ಅದಕ್ಕೆ ಯಾವ ಪತ್ರವೂ ಸಿಂಧು ಅನ್ನಿಸುವುದಿಲ್ಲ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಪ್ಲಗ್ ತೆಗೆದಾಗಲೆಲ್ಲ ದಿನಾಂಕ ಹಿಂದೆ ಹೋದರೆ ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿರುತ್ತದೆ. ಹೆಚ್ಚಿನವುಗಳಲ್ಲಿ ಇರುವುದು ಸಿಆರ್ 2032, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಬೇರೆ ಬ್ರೌಸರಿನಲ್ಲಿ ಸರಿ ಇದ್ದರೆ ಅದೇ ಪುಟವನ್ನು ಪ್ರೈವೇಟ್ ವಿಂಡೋದಲ್ಲಿ ತೆರೆಯಿರಿ. ಅಲ್ಲಿ ಹಳೆಯ ಕುಕೀಗಳಿರುವುದಿಲ್ಲ, ನೀವು ಅನುಮತಿ ಕೊಡದ ಎಕ್ಸ್‌ಟೆನ್ಶನ್‌ಗಳೂ ಓಡುವುದಿಲ್ಲ. ಅಲ್ಲಿ ಸರಿ ಬಂದರೆ ಈ ಎರಡರಲ್ಲಿ ಒಂದು ಕಾರಣ. ವಿಳಾಸದ ಪಕ್ಕದ ಬೀಗದ ಗುರುತು ಒತ್ತಿ ಆ ಒಂದು ಸೈಟಿನ ಕುಕೀ ಮಾತ್ರ ಅಳಿಸಿ. ಎಲ್ಲವನ್ನೂ ಅಳಿಸಿ ಎಲ್ಲ ಕಡೆ ಮತ್ತೆ ಲಾಗಿನ್ ಆಗುವ ಶಿಕ್ಷೆ ಬೇಡ.

ಮುಂದಿನ ಹಂತ ಹೆಲ್ಪ್ ಮೆನುವಿನಲ್ಲಿರುವ ‘ಟ್ರಬಲ್‌ಶೂಟ್ ಮೋಡ್’. ಎಕ್ಸ್‌ಟೆನ್ಶನ್, ಥೀಮ್, ಹಾರ್ಡ್‌ವೇರ್ ಆ್ಯಕ್ಸಿಲರೇಶನ್ ಎಲ್ಲವೂ ಆಗ ತಾತ್ಕಾಲಿಕವಾಗಿ ನಿಲ್ಲುತ್ತವೆ. ಜಾವಾಸ್ಕ್ರಿಪ್ಟನ್ನು ವೇಗಗೊಳಿಸುವ ಭಾಗವೂ ನಿಲ್ಲುವುದರಿಂದ ಇಲ್ಲಿ ವೇಗವನ್ನು ಅಳೆಯಬೇಡಿ. ಬರುವ ಪೆಟ್ಟಿಗೆಯಲ್ಲಿ ‘ಓಪನ್’ ಒತ್ತಿ, ‘ರಿಫ್ರೆಶ್’ ಒತ್ತಬೇಡಿ. ಇಲ್ಲಿ ತೊಂದರೆ ಮಾಯವಾದರೆ ಎಕ್ಸ್‌ಟೆನ್ಶನ್‌ಗಳಲ್ಲಿ ಅರ್ಧ ನಿಲ್ಲಿಸಿ ನೋಡಿ, ಉಳಿದದ್ದರಲ್ಲಿ ಮತ್ತೆ ಅರ್ಧ. ಹದಿನಾರು ಇದ್ದರೂ ನಾಲ್ಕೇ ಸುತ್ತಿನಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ವಿಡಿಯೊ ಹಸಿರಾಗುವುದು, ಪರದೆ ಮಿನುಗುವುದು, ಕಪ್ಪು ತೇಪೆ ಕಾಣುವುದು ಇದ್ದರೆ ಜನರಲ್ ಸೆಟ್ಟಿಂಗಿನ ಪರ್ಫಾರ್ಮೆನ್ಸ್ ಭಾಗದಲ್ಲಿ ಹಾರ್ಡ್‌ವೇರ್ ಆ್ಯಕ್ಸಿಲರೇಶನ್ ಆಫ್ ಮಾಡಿ.

ಟ್ರಬಲ್‌ಶೂಟ್ ಮೋಡ್‌ನಲ್ಲೂ ತೊಂದರೆ ಉಳಿದರೆ (ನಿಮ್ಮದು ಉಳಿಯುತ್ತದೆ, ಏಕೆಂದರೆ ಆ ಮೋಡ್ ಇಂಥ ಸೆಟ್ಟಿಂಗುಗಳನ್ನು ಬದಲಿಸುವುದಿಲ್ಲ) ‘ಅಬೌಟ್’ ಸರಣಿಯ ‘ಪ್ರೊಫೈಲ್ಸ್’ ಪುಟದಲ್ಲಿ ಒಂದು ಖಾಲಿ ಪ್ರೊಫೈಲ್ ಸೃಷ್ಟಿಸಿ ಪರೀಕ್ಷಿಸಿ. ಅದರಲ್ಲಿ ಎಲ್ಲ ಸರಿಯಿದ್ದರೆ ದೋಷ ಹಳೆಯ ಪ್ರೊಫೈಲಿನದು, ಅನುಮಾನವೇ ಇಲ್ಲ. ಆ ಕೊನೆಯ ಹಂತದಲ್ಲಿ ‘ರಿಫ್ರೆಶ್’ ಬಳಸಬಹುದು. ಬುಕ್‌ಮಾರ್ಕು, ಹಿಸ್ಟರಿ, ಪಾಸ್‌ವರ್ಡು, ಕುಕೀಗಳನ್ನು ಅದು ಹೊಸ ಪ್ರೊಫೈಲಿಗೆ ಒಯ್ಯುತ್ತದೆ. ಎಕ್ಸ್‌ಟೆನ್ಶನ್‌ಗಳು ಮತ್ತು ಬದಲಿಸಿದ ಸೆಟ್ಟಿಂಗುಗಳು ಹೋಗುತ್ತವೆ. ಹಳೆಯ ಪ್ರೊಫೈಲನ್ನು ಡೆಸ್ಕ್‌ಟಾಪಿನ ಮೇಲೆ ಒಂದು ಫೋಲ್ಡರಿನಲ್ಲಿ ಇಟ್ಟುಹೋಗುತ್ತದೆ. ಅದರಲ್ಲಿ ಪಾಸ್‌ವರ್ಡುಗಳಿವೆ, ಕೆಲಸವಾದ ಮೇಲೆ ಅಳಿಸಿ. ಕ್ರೋಮ್ ಬಳಸುವವರಿಗೂ ಇದೇ ತತ್ವ: ಅಲ್ಲೂ ಪ್ರೊಫೈಲ್ ಬೇರೆಯೇ ಇದೆ, ಪರೀಕ್ಷೆಗೆ ‘ಗೆಸ್ಟ್’ ವಿಂಡೋ ಇದೆ. ಸಿಂಕ್ ಚಾಲೂ ಇದ್ದರೆ ಅಳಿಸಿದ ಎಕ್ಸ್‌ಟೆನ್ಶನ್ ನೀವು ಲಾಗಿನ್ ಆದ ಕೂಡಲೇ ವಾಪಸ್ ಬರಬಹುದು ಎಂಬುದು ನೆನಪಿರಲಿ.

ತೊಂದರೆ ಎಲ್ಲಿದೆ ಎಂದು ನೋಡದೆ ಅಳಿಸಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ 2019ರ ಮೇ 4 ಸಾಕ್ಷಿ. ಎಕ್ಸ್‌ಟೆನ್ಶನ್‌ಗಳನ್ನು ದೃಢೀಕರಿಸಲು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಬಳಸುತ್ತಿದ್ದ ಒಂದು ಪ್ರಮಾಣಪತ್ರದ ಅವಧಿ ಅಂದು ಮುಗಿದು, ಜಗತ್ತಿನಾದ್ಯಂತ ಫೈರ್‌ಫಾಕ್ಸ್‌ನ ಎಕ್ಸ್‌ಟೆನ್ಶನ್‌ಗಳು ಒಮ್ಮೆಲೇ ನಿಂತವು. ಅಳಿಸಿ ಮತ್ತೆ ಹಾಕಬೇಡಿ, ಅವುಗಳ ದತ್ತಾಂಶ ಹೋಗುತ್ತದೆ ಎಂದು ಮೊಜಿಲ್ಲಾವೇ ಹೇಳಬೇಕಾಯಿತು. ತಾಳ್ಮೆಯಿಂದ ಇದ್ದವರಿಗೆ 66.0.4 ಆವೃತ್ತಿ ಬಂದು ಹೆಚ್ಚಿನವರದು ಸರಿಹೋಯಿತು.

ಇನ್ನು ನಿಮ್ಮ ಇಷ್ಟದಂತೆ ಒಗ್ಗಿಸಿಕೊಳ್ಳುವ ವಿಷಯ. ಪಕ್ಕದ ಸಾಲಿನ ಟ್ಯಾಬ್‌ಗಳಿಗೆ ಈಗ ಕಸರತ್ತು ಬೇಕಿಲ್ಲ. 2025ರ ಮಾರ್ಚ್‌ನಲ್ಲಿ ಬಂದ 136ನೇ ಆವೃತ್ತಿಯಿಂದ ಈ ಸೌಲಭ್ಯ ಒಳಗೇ ಇದೆ, ಸೆಟ್ಟಿಂಗಿನಲ್ಲಿ ‘ವರ್ಟಿಕಲ್ ಟ್ಯಾಬ್ಸ್’ ಆರಿಸಿದರೆ ಸಾಕು. ಹಿಂದೆ ಇದಕ್ಕೆ ಎಕ್ಸ್‌ಟೆನ್ಶನ್ ಹಾಕಿ, ಮೇಲಿನ ಸಾಲನ್ನು ಮರೆಮಾಡಲು ಪ್ರೊಫೈಲಿನಲ್ಲಿ ‘ಯೂಸರ್‌ಕ್ರೋಮ್’ ಎಂಬ ಸಿಎಸ್‌ಎಸ್ ಫೈಲು ಬರೆಯಬೇಕಿತ್ತು. ಆ ದಾರಿ ಈಗಲೂ ತೆರೆದಿದೆ. ಆದರೆ 2019ರ 69ನೇ ಆವೃತ್ತಿಯಿಂದ ಫೈರ್‌ಫಾಕ್ಸ್ ತಾನಾಗಿ ಆ ಫೈಲನ್ನು ಓದುವುದಿಲ್ಲ, ಕಾನ್ಫಿಗ್ ಪುಟದಲ್ಲಿ ಬೇರೆಯಾಗಿ ಅನುಮತಿ ಕೊಡಬೇಕು. ಬ್ರೌಸರಿನ ಒಳವಿನ್ಯಾಸ ಬದಲಾದಾಗಲೆಲ್ಲ ಆ ಫೈಲು ಮುರಿದು ಬೀಳುತ್ತದೆ. ಸಿಎಸ್‌ಎಸ್ ಬರೆಯಬಲ್ಲವರಿಗೆ ಅದು ಆಟ, ಉಳಿದವರಿಗೆ ತಲೆನೋವು.

ಕನ್ನಡ ಅಕ್ಷರಕ್ಕೆ ಸೆಟ್ಟಿಂಗಿನ ‘ಫಾಂಟ್ಸ್’ ಭಾಗದಲ್ಲಿ ‘ಅಡ್ವಾನ್ಸ್‌ಡ್’ ಒತ್ತಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಆರಿಸಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದೆ; ನೋಟೊ ಸ್ಯಾನ್ಸ್ ಕನ್ನಡವನ್ನು ಉಚಿತವಾಗಿ ಹಾಕಿಕೊಳ್ಳಬಹುದು. ‘ಮಿನಿಮಮ್ ಫಾಂಟ್ ಸೈಜ್’ ಏರಿಸಿದರೆ ಅದಕ್ಕಿಂತ ಚಿಕ್ಕ ಅಕ್ಷರ ಬರುವುದಿಲ್ಲ. ಪುಟದ ಕೋಡ್‌ನಲ್ಲಿ ‘ಭಾಷೆ ಕನ್ನಡ’ ಎಂದು ನಮೂದಿಸಿದ್ದರೆ ಮಾತ್ರ ಈ ಅಳತೆ ಅನ್ವಯಿಸುತ್ತದೆ. ಹಾಗೆ ನಮೂದಿಸದ ಪುಟಗಳೂ ಇರುತ್ತವೆ, ಅವಕ್ಕೆ ಝೂಮ್ ಬಳಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಪುಟಗಳು ಅರ್ಥವಾಗದ ಅಕ್ಷರಗಳಾಗಿ ಕಂಡರೆ ಬ್ರೌಸರನ್ನು ದೂರಬೇಡಿ. ಅವು ಯೂನಿಕೋಡ್‌ನಲ್ಲಿಲ್ಲ, ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇರಬೇಕು. ‘ಪುಟಗಳು ತಮ್ಮದೇ ಫಾಂಟ್ ಬಳಸಲಿ’ ಎಂಬ ಅರ್ಥದ ಚೌಕಕ್ಕೂ ಟಿಕ್ ಇರಬೇಕು.

ಕೊನೆಯದಾಗಿ, ಸೆಟ್ಟಿಂಗ್ ಪುಟದಲ್ಲಿ ಸಿಗುವುದನ್ನೆಲ್ಲ ಧೈರ್ಯವಾಗಿ ಬದಲಿಸಿ ನೋಡಿ. ಕಾನ್ಫಿಗ್ ಪುಟದಲ್ಲಿ ಮಾತ್ರ, ಏನು ಮಾಡುತ್ತದೆ ಎಂದು ನೀವೇ ಒಂದು ವಾಕ್ಯದಲ್ಲಿ ಹೇಳಬಲ್ಲದ್ದನ್ನಷ್ಟೇ ಮುಟ್ಟಿ, ಮುಟ್ಟಿದ್ದನ್ನು ಬರೆದಿಡಿ. ಮೇಲೆ ಹೇಳಿದ ಯಾವುದನ್ನು ಮಾಡುವ ಮುನ್ನವೂ ಫೈರ್‌ಫಾಕ್ಸ್ ಮುಚ್ಚಿ, ಇಡೀ ಪ್ರೊಫೈಲ್ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಅದರಲ್ಲಿ ನಿಮ್ಮ ಪಾಸ್‌ವರ್ಡುಗಳೂ ಇರುವುದರಿಂದ ಆ ಪೆನ್‌ಡ್ರೈವನ್ನು ಪ್ರಿಂಟ್ ತೆಗೆಸಲು ಅಂಗಡಿಗೆ ಒಯ್ಯಬೇಡಿ.